ಬೃಹಚ್ಚಿತ್ರಗಳೂ ರಸವೂ

ಚಲಚ್ಚಿತ್ರವೆಂದೊಡನೆ ಮೂಗು ಮುರಿಯುವ ಹಿರಿಯರ ಗುಂಪಿಗೆ ನಾವು ಸೇರಿದವರಲ್ಲ. ನಾಟ್ಯವು ಸಾರ್ವವರ್ಣಿಕವಾದ ವೇದವೆಂದು ಭರತಮುನಿಯೇ ಸಾರಿರಲು, ಅದರ ಮೊಮ್ಮಗುವಿನಂತಿರುವ ಚಲಚ್ಚಿತ್ರವನ್ನು ಮನೆಯ ಬಾಗಿಲಿನಿಂದಾಚೆಗೆ ನಿಲ್ಲಿಸುವುದು ಉಚಿತವಲ್ಲ. ಆದರೆ ನಮ್ಮ ಶಿವನಿಯಂತಹ ಗ್ರಾಮದವರು ದೊಡ್ಡ ಪರದೆಯ ಮುಂದೆ ಕುಳಿತುಕೊಳ್ಳಬೇಕಾದರೆ ರೈಲನ್ನೋ ಬಸ್ಸನ್ನೋ ಹಿಡಿದು ಪಟ್ಟಣಕ್ಕೆ ಹೋಗಬೇಕು. ಪ್ರಯಾಣದ ವೆಚ್ಚ, ಟಿಕೆಟ್ಟಿನ ವೆಚ್ಚ, ತೋಟದ ಒಂದು ದಿನದ ಕೆಲಸ, ಇಷ್ಟನ್ನೂ ತೆತ್ತು ಮಕ್ಕಳೊಡನೆ ನೋಡಿ ಬಂದವರು, ಹಿಂದಿರುಗುವಾಗ ಮನಸ್ಸಿನಲ್ಲಿ ಏನನ್ನು ಹೊತ್ತು ತಂದರೆಂದು ವಿಚಾರಿಸುವುದು ನ್ಯಾಯವೇ ಸರಿ.

ಕನ್ನಡ ಚಿತ್ರಗಳ ಕೀರ್ತಿಯನ್ನು ಭರತಖಂಡದಲ್ಲೆಲ್ಲ ಹಬ್ಬಿಸಿದುದು ಪ್ರಶಾಂತ್ ನೀಲ್ ಅವರ ‘ಕೆ.ಜಿ.ಎಫ್.’ ಎಂಬುದು ನಿರ್ವಿವಾದವು. ಮೊದಲನೆಯ ಭಾಗವು 2018ರ ಡಿಸೆಂಬರಿನಲ್ಲಿಯೂ ಎರಡನೆಯದು 2022ರ ಏಪ್ರಿಲಿನಲ್ಲಿಯೂ ಬಂದವು. ಛಾಯಾಗ್ರಹಣದ ಕೌಶಲ, ಸಂಕಲನದ ವೇಗ, ಯಶ್ ಅವರ ಗಾಂಭೀರ್ಯ, ಇವನ್ನು ಮೆಚ್ಚದವನು ಮತ್ಸರಿಯೇ ಸರಿ. ಸಾಯುವ ತಾಯಿಗೆ ಮಗನು ಕೊಟ್ಟ ಮಾತೇ ಕಥೆಯ ಬೀಜ. ಗೃಹಿಣಿಯರ ಕಣ್ಣಿನಲ್ಲಿ ನೀರು ತಂದುದೂ ಅದೇ. ಆದರೆ ಆ ಬೀಜವು ಮೊಳೆಯುವುದಕ್ಕೆ ಮುಂಚೆಯೇ ಅದರ ಮೇಲೆ ಸುತ್ತಿಗೆಗಳೂ ಬಂದೂಕುಗಳೂ ಬಂದು ಬೀಳುತ್ತವೆ. ಯುದ್ಧವನ್ನೂ ಮರಣವನ್ನೂ ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸದೆ ಪ್ರವೇಶಕದಿಂದ ಸೂಚಿಸತಕ್ಕದ್ದೆಂದು ನಾಟ್ಯಶಾಸ್ತ್ರವು ವಿಧಿಸಿತು. ಆ ವಿಧಿಯನ್ನು ಇಂದಿನವರು ಅಕ್ಷರಶಃ ಪಾಲಿಸಬೇಕೆಂದು ನಾವು ಹಟ ಹಿಡಿಯುವುದಿಲ್ಲ. ಅದರ ಹಿಂದಣ ವಿವೇಕವನ್ನಾದರೂ ನೆನೆಯಬಾರದೇ? ನೂರು ಹೆಣ ಬಿದ್ದ ಮೇಲೆ ನೂರೊಂದನೆಯದಕ್ಕೆ ಮರುಗುವ ಶಕ್ತಿಯು ಪ್ರೇಕ್ಷಕನಲ್ಲಿ ಉಳಿಯುವುದಿಲ್ಲ.

ಇನ್ನೊಂದು ಮಾತು. ಕೋಲಾರದ ಚಿನ್ನದ ಗಣಿಯು ಕಟ್ಟುಕಥೆಯಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದುದು ಅಲ್ಲಿಗೆ. 3 ಕಿಲೋಮೀಟರಿಗೂ ಆಳವಾದ ಸುರಂಗಗಳಲ್ಲಿ, ಬಂಡೆ ಸಿಡಿಯುವ ಭಯದಲ್ಲಿ, ಶ್ವಾಸಕೋಶಕ್ಕೆ ಕಲ್ಲಿನ ಧೂಳು ತುಂಬಿಕೊಂಡು ದುಡಿದವರು ಸಹಸ್ರಾರು ಮಂದಿ. 2001ರಲ್ಲಿ ಗಣಿಯು ಮುಚ್ಚಿದಾಗ ಬೀದಿಗೆ ಬಿದ್ದವರೂ ಅವರೇ. ಚಿತ್ರವು ಆ ಊರಿನ ಹೆಸರನ್ನು ತೆಗೆದುಕೊಂಡಿತು, ಅಲ್ಲಿನ ಮಣ್ಣಿನ ದಿಬ್ಬಗಳ ಮೇಲೆ ಚಿತ್ರೀಕರಣವನ್ನೂ ನಡೆಸಿತು. ಆ ಜನರನ್ನು ಮಾತ್ರ ನಾಯಕನಿಗೆ ಜಯಕಾರ ಹಾಕುವ ಗುಂಪಾಗಿ ನಿಲ್ಲಿಸಿತು. ಕೊನೆಗೆ ನಾಯಕನು ಹೊನ್ನಿನೊಡನೆ ಕಡಲಿನಲ್ಲಿ ಮುಳುಗುತ್ತಾನೆ. ಲೋಭದ ಫಲವನ್ನು ಮನಗಾಣಿಸಬಹುದಾಗಿದ್ದ ಆ ಘಳಿಗೆಯೂ ವಿಜಯೋತ್ಸವದಂತೆಯೇ ಕಳೆದುಹೋಯಿತು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಂದ ರಿಷಬ್ ಶೆಟ್ಟರ ‘ಕಾಂತಾರ’ವು ಬೇರೆಯೊಂದು ಜಾತಿಯದು. ಇದರಲ್ಲಿಯೂ ಹೊಡೆದಾಟವುಂಟು, ರಕ್ತವುಂಟು. ನಾಯಕನು ತಾನು ಮೆಚ್ಚಿದ ಹೆಣ್ಣಿನೊಡನೆ ಆಡುವ ಚೇಷ್ಟೆಗಳನ್ನು ನಾವು ಒಪ್ಪಲಾರೆವು. ಬೆಳೆಯುವ ಹುಡುಗರು ಅದನ್ನು ಸರಸವೆಂದು ಬಗೆದಾರು. ಆದರೂ ಕಾಡಿನ ಅಂಚಿನ ಜನ, ಅರಣ್ಯದ ಅಧಿಕಾರಿ, ಭೂಮಿಯನ್ನು ಬಯಸುವ ಧಣಿ, ಇವರ ನಡುವಣ ವ್ಯಾಜ್ಯವು ನಿಜವಾದ ವ್ಯಾಜ್ಯವು. ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭದ್ರಾ ಅಭಯಾರಣ್ಯದೊಳಗಿದ್ದ ಹಳ್ಳಿಗಳ ಕುಟುಂಬಗಳು 2002ರ ಸುಮಾರಿಗೆ ಮನೆ ಗದ್ದೆಗಳನ್ನು ಬಿಟ್ಟು ತರೀಕೆರೆಯ ಕಡೆಯ ಎಂ.ಸಿ. ಹಳ್ಳಿಗೆ ಬಂದು ನೆಲಸಿದುದನ್ನು ಬಲ್ಲವರು ನಾವು. ಕಾಡೂ ಉಳಿಯಬೇಕು, ಕಾಡಿನವರೂ ಉಳಿಯಬೇಕು ಎಂಬ ಕಷ್ಟದ ಪ್ರಶ್ನೆಗೆ ಚಿತ್ರವು ಹೇಳುವ ಉತ್ತರವು ಅಂತ್ಯದಲ್ಲಿದೆ. ದೈವವು ಅಧಿಕಾರಿಯ ಕೈಯನ್ನೂ ಗ್ರಾಮಸ್ಥರ ಕೈಗಳನ್ನೂ ಒಂದುಗೂಡಿಸಿ ಎದೆಗೆ ಒತ್ತಿಕೊಳ್ಳುವಾಗ, ಅದುವರೆಗಿನ ರೌದ್ರವೆಲ್ಲವೂ ಶಾಂತದಲ್ಲಿ ಕರಗುತ್ತದೆ. ಪ್ರಬಂಧವೊಂದರಲ್ಲಿ ರಸಗಳು ಹಲವಿದ್ದರೂ ಅಂಗಿಯು ಒಂದೇ ಇರಬೇಕೆಂದು ಆನಂದವರ್ಧನನು ಹೇಳಿದುದರ ಮರ್ಮವು ಇದೇ. ಶೆಟ್ಟರಿಗೆ ಶ್ರೇಷ್ಠ ನಟನೆಂಬ ರಾಷ್ಟ್ರಪ್ರಶಸ್ತಿಯು 2024ರಲ್ಲಿ ಘೋಷಿತವಾದುದು ಯೋಗ್ಯವೇ.

2025ರ ಅಕ್ಟೋಬರಿನಲ್ಲಿ ಬಂದ ‘ಕಾಂತಾರ ಅಧ್ಯಾಯ 1’ ಕದಂಬರ ಕಾಲಕ್ಕೆ ನಮ್ಮನ್ನು ಒಯ್ಯುತ್ತದೆ. ವೈಭವಕ್ಕೆ ಕೊರತೆಯಿಲ್ಲ. ಆದರೆ ರಥಗಳ, ಕೋಟೆಗಳ, ಯುದ್ಧಗಳ ಅಬ್ಬರದಲ್ಲಿ ಮೊದಲಿನ ಚಿತ್ರದ ಆ ಹಳ್ಳಿಯ ಮಾತು, ಅಂಗಳದ ನಗೆ ಮರೆಯಾದುವು. ಮಕ್ಕಳಿಗೆ ಒಂದು ಮಾತು: ಇದು ಕಲ್ಪಿತ ಕಥೆ. ಕದಂಬರ ಚರಿತ್ರೆಯನ್ನು ಅರಿಯಬೇಕೆಂಬ ಆಸೆ ಇದರಿಂದ ಹುಟ್ಟಿದರೆ ಲೇಸು. ಅದನ್ನು ತಣಿಸಿಕೊಳ್ಳಲು ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋಗಿ, ಮಯೂರಶರ್ಮನ ವೃತ್ತಾಂತವನ್ನು ಹೇಳುವ ಕಂಬದ ಶಾಸನವನ್ನು ಕಣ್ಣಾರೆ ನೋಡಿರಿ.

ಇವೆಲ್ಲಕ್ಕಿಂತ ನಮಗೆ ಹೆಚ್ಚು ಸಂತೋಷ ಕೊಟ್ಟುದು 2025ರ ಜುಲೈಯಲ್ಲಿ ಬಂದ, ಜೆ.ಪಿ. ತುಮಿನಾಡ್ ಅವರ ‘ಸು ಫ್ರಂ ಸೋ’. ಹೆಸರು ವಿಚಿತ್ರವಾದುದು, ಸೋಮೇಶ್ವರದ ಸುಲೋಚನೆ ಎಂದರ್ಥ. ಕೋಟೆಯಿಲ್ಲ, ಗಣಿಯಿಲ್ಲ, ಕರಾವಳಿಯ ಒಂದು ಹಳ್ಳಿ, ದೆವ್ವ ಹಿಡಿದನೆಂದು ಊರು ನಂಬಿದ ಒಬ್ಬ ತರುಣ, ಅಷ್ಟೆ. ಹೊಟ್ಟೆ ಹಿಡಿದು ನಗಿಸುತ್ತಲೇ ಅದು ನಮ್ಮನ್ನು ಒಬ್ಬ ಹೆಣ್ಣುಮಗಳ ಸಂಕಟದ ಬಳಿಗೆ ಕರೆದೊಯ್ಯುತ್ತದೆ. ಹಾಸ್ಯವು ಕರುಣದ ಕೈ ಹಿಡಿದುದನ್ನು ನೋಡಿ ಜನರು ಒಬ್ಬರಿಂದೊಬ್ಬರಿಗೆ ಹೇಳಿಯೇ ಅದನ್ನು ಗೆಲ್ಲಿಸಿದರು. ಭಾರಿ ವೆಚ್ಚವಿಲ್ಲದೆ ಬೃಹಚ್ಚಿತ್ರವಾಗಬಹುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಗೃಹಸ್ಥರಿಗೆ ನಮ್ಮ ವಿಜ್ಞಾಪನೆ ಇಷ್ಟೇ. 2024ರ ನಿಯಮಗಳ ಮೇರೆಗೆ ಚಿತ್ರಗಳ ಪ್ರಮಾಣಪತ್ರದಲ್ಲಿ 7, 13, 16 ವರ್ಷಗಳೆಂಬ ವಿಭಾಗಗಳಿವೆ. ಟಿಕೆಟ್ಟು ಕೊಳ್ಳುವ ಮುಂಚೆ ಅದನ್ನು ನೋಡಿರಿ. ನೋಡಿ ಬಂದ ರಾತ್ರಿ ಊಟಕ್ಕೆ ಕುಳಿತಾಗ, ಯಾರು ಎಷ್ಟು ಜನರನ್ನು ಹೊಡೆದರೆಂದು ಮಕ್ಕಳನ್ನು ಕೇಳಬೇಡಿರಿ. ಯಾರಿಗಾಗಿ ನಿಮ್ಮ ಮನಸ್ಸು ನೊಂದಿತೆಂದು ಕೇಳಿರಿ. ಮಗುವಿಗೆ ಒಂದು ಹೆಸರಾದರೂ ಹೇಳಲು ದೊರೆತರೆ, ನೀವು ತೆತ್ತ ಹಣವು ವ್ಯರ್ಥವಾಗಲಿಲ್ಲವೆಂದು ತಿಳಿಯಬಹುದು.