ಡಾಕ್ಟರ ಐದು ನಿಮಿಷ

ಕಳೆದ ಭಾನುವಾರ ಮಾಟುಂಗಾದಲ್ಲಿ ನಮ್ಮವರದೇ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕೂತವರು ಪರಿಚಯದ ಸರ್ಜನ್ ಒಬ್ಬರು, ಹುಬ್ಬಳ್ಳಿ ಕಡೆಯವರು. ಹೋಳಿಗೆಗೆ ತುಪ್ಪ ಬೀಳೋ ಮೊದಲೇ ಶುರುವಾಯ್ತು ಅವರ ಗೋಳು.

"ನಾವೀಗ ಡಾಕ್ಟರ್ ಉಳಿದಿಲ್ರೀ, ಗುಮಾಸ್ತರಾಗೇವಿ. ಪೇಶಂಟ್ ಟೇಬಲ್ ಮ್ಯಾಲೆ ಮಲಗಿರ್ತಾನ. ಚಾಕು ಹಿಡಿಯೋ ಮೊದ್ಲ ಎಲ್ಲಾರೂ ನಿಂತು ತಮ್ಮ ತಮ್ಮ ಹೆಸರು ಹೇಳಬೇಕಂತ! ಹತ್ತು ವರ್ಷದಿಂದ ಅದೇ ಸಿಸ್ಟರ್ ಜೋಡಿ ಕೆಲಸ ಮಾಡಾಕತ್ತೀನಿ, ಆಕಿಗೆ ನನ್ನ ಹೆಸರು ಗೊತ್ತಿಲ್ಲೇನು?"

ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಸಿಟ್ಟು ಬಂತು. ಎಲೆ ಮುಂದೆ ಕೂತು ಜಗಳ ಆಡಬಾರದು ಅಂತ ಅಲ್ಲಿ ಸುಮ್ಮನಿದ್ದೆ, ಇಲ್ಲಿ ಆಡ್ತೀನಿ.

2011ರಲ್ಲಿ ನನ್ನ ಅವ್ವನಿಗೆ ಕಣ್ಣಿನ ಪೊರೆ ತೆಗೆಸಬೇಕಾಯ್ತು. ಅಪ್ಪ ಹೋದ ಮೇಲೆ ಗದಗಿನಿಂದ ನನ್ನ ಹತ್ತಿರ ಬಂದಿದ್ದಳು. ಮರಾಠಿ ಬಾರದು, ಹಿಂದಿಯಲ್ಲಿ 'ಪಾನಿ' ಮತ್ತು 'ಕಿತನಾ' ಎರಡೇ. ಆಪರೇಷನ್ ಬಲಗಣ್ಣಿಗೆ. ನಾನು ಕೆಳಗೆ ದುಡ್ಡು ಕಟ್ಟುವ ಸಾಲಿನಲ್ಲಿ ನಿಂತಿದ್ದಾಗ ಮೇಲೆ ಒಬ್ಬ ಹುಡುಗಿ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಿಡಿದು ಬಂದು ಕೇಳಿದಳಂತೆ, "ಡಾವಾ ಡೋಳಾ ನಾ ಆಜೀ?" ಮರಾಠಿಯಲ್ಲಿ ಡಾವಾ ಅಂದರೆ ಎಡ. ನಮ್ಮವ್ವನ ಕಿವಿಗೆ ಅದು ಬಿದ್ದದ್ದು 'ದವಾ' ಅಂತ! ಔಷಧ ಹಾಕಲೇನು ಅಂತ ಕೇಳ್ತಿದ್ದಾಳೆ ಅಂದುಕೊಂಡು ಇವಳು ಹೂಂ ಅಂದಳು. ಹುಡುಗಿ ಎಡಗಣ್ಣಿಗೆ ಹಾಕಿ ಹೋದಳು. ಅರ್ಧ ಗಂಟೆಯಲ್ಲಿ ಮೂರು ಸಲ.

ಅದು ಗೊತ್ತಾದದ್ದು ಥಿಯೇಟರಿನೊಳಗೆ. ಅಲ್ಲಿದ್ದ ಹಿರಿಯ ಸಿಸ್ಟರ್ ಕಾಗದ ಹಿಡಿದು ಒಂದೊಂದೇ ಓದುತ್ತಾ ಅವ್ವನಿಗೆ ಕೈಸನ್ನೆ ಮಾಡಿ, ಯಾವ ಕಣ್ಣು, ನೀವೇ ತೋರಿಸಿ ಅಂದರು. ಅವ್ವ ಬಲಗಣ್ಣು ತೋರಿಸಿದಳು. ಫೈಲಿನಲ್ಲೂ ಬಲ. ಪಾಪೆ ಹಿಗ್ಗಿದ್ದು ಮಾತ್ರ ಎಡ. ಸರ್ಜನ್ ಸಾಹೇಬರು ಹೊರಗೆ ಬಂದು, ನನ್ನ ಇಡೀ ಲಿಸ್ಟು ತಡ ಆಯ್ತು ಅಂತ ನನ್ನ ಮೇಲೇ ರೇಗಿದರು. ಎಡಗಣ್ಣಿನಲ್ಲೂ ಸಣ್ಣಗೆ ಪೊರೆ ಶುರುವಾಗಿತ್ತು ಸ್ವಾಮಿ. ಮುಖಕ್ಕೆ ಬಟ್ಟೆ ಹೊದಿಸಿ, ಹಿಗ್ಗಿದ ಕಣ್ಣೊಂದನ್ನೇ ಬಿಟ್ಟಿದ್ದರೆ ಅವರಿಗೆ ಅನುಮಾನ ಯಾಕೆ ಬರಬೇಕು? ತಂದಿಟ್ಟಿದ್ದ ಲೆನ್ಸ್ ಬಲಗಣ್ಣಿನ ಅಳತೆಯದು.

ಆಮೇಲೆ ಅವ್ವನನ್ನು ಕೇಳಿದೆ. "ದವಾಖಾನಿ ಮಂದಿ ಕೇಳಿದ್ರ ಇಲ್ಲ ಅನ್ನಾಕ ಬರ್ತೈತೇನೋ?" ಅಂದಳು.

ನಮ್ಮ ಡಾಕ್ಟರು ಗೇಲಿ ಮಾಡಿದ ಪಟ್ಟಿ ಯಾವುದೋ ಗುಮಾಸ್ತ ಬರೆದದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದದ್ದು. ಅದರ ಹಿಂದಿದ್ದ ಅತುಲ್ ಗವಾಂಡೆ ಅವರೇ ಬಾಸ್ಟನ್ನಿನ ಸರ್ಜನ್; ಅಪ್ಪ ನಮ್ಮ ಮಹಾರಾಷ್ಟ್ರದವರು. ಇರುವುದು ಒಟ್ಟು 19 ಅಂಶ. ಅರಿವಳಿಕೆಗೆ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿ ಥಿಯೇಟರ್ ಬಿಡುವ ಮೊದಲು, ಹೀಗೆ ಮೂರು ಸಲ ನಿಂತು ಕೇಳಬೇಕು, ಅಷ್ಟೇ. ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಸಾವು ಶೇ. 1.5ರಿಂದ 0.8ಕ್ಕೆ ಇಳಿದಿತ್ತು, ತೊಡಕುಗಳು ಶೇ. 11ರಿಂದ 7ಕ್ಕೆ.

ಡಾಕ್ಟರು ಇದನ್ನೋದಿದರೆ 2014ರ ಕೆನಡಾ ಲೆಕ್ಕ ತೆಗೀತಾರೆ, ಗೊತ್ತು. ಒಂಟಾರಿಯೋ ಪ್ರಾಂತದ 101 ಆಸ್ಪತ್ರೆಗಳಲ್ಲಿ ಪಟ್ಟಿ ಬಂದ ಮೇಲೂ ಸಾವಿನ ಪ್ರಮಾಣ ಹೇಳಿಕೊಳ್ಳುವಂತೆ ಇಳಿಯಲಿಲ್ಲ. ನಿಜ. ಆದರೆ ಮೇಲಿನಿಂದ ಹುಕುಂ ಬಂತು ಅಂತ ಟಿಕ್ ಹಾಕೋದು ಬೇರೆ, ನಿಂತು ಕೇಳೋದು ಬೇರೆ. ಕೆನಡಾದಲ್ಲಿ ಏನಾಯ್ತೋ ನಾನು ನೋಡಿಲ್ಲ, ಆದರೆ ನಮ್ಮಲ್ಲಿ ಆಪರೇಷನ್ ಮುಗಿದ ಮೇಲೆ ಚಹಾ ಕುಡೀತಾ ಹತ್ತು ಟಿಕ್ ಒಟ್ಟಿಗೆ ಎಳೆಯುವುದನ್ನು ಈ ಕಣ್ಣಿಂದಲೇ ನೋಡಿದ್ದೀನಿ. ಪೆನ್ನಿನ ತಪ್ಪಿಗೆ ಪಟ್ಟಿಯನ್ನು ಬೈದರೆ ಹೇಗೆ?

ನಾನು ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಸವೆಸಿದವನು. ತಿಜೋರಿಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ. ನಮ್ಮ ಕ್ಯಾಶಿಯರ್ ಸತ್ಯಹರಿಶ್ಚಂದ್ರನ ತುಂಡು, ಆದರೂ ನಾನಿಲ್ಲದೆ ಬಾಗಿಲು ತೆರೆಯುವ ಹಾಗಿರಲಿಲ್ಲ. ಅವಮಾನ ಅಂತ ಅವರು ಒಂದು ದಿನವೂ ಅನ್ನಲಿಲ್ಲ. ಕಂತೆ ನೋಟಿಗೆ ಅಷ್ಟು ಕಾವಲು, ಕಣ್ಣಿಗೆ ಬೇಡವೇ?

ಅವರ ಮಾತಿನಲ್ಲಿ ಒಂದಿಷ್ಟು ಸತ್ಯವೂ ಇದೆ, ಇಲ್ಲ ಅನ್ನಲ್ಲ. ಇನ್ಷೂರೆನ್ಸ್ ಕಂಪನಿಯವನು ಅದೇ ಅದೇ ಮಾಹಿತಿಯನ್ನು ನಾಲ್ಕು ಸಲ ತರಿಸಿಕೊಂಡು ಆಪರೇಷನ್ನನ್ನು ಸಂಜೆವರೆಗೆ ತೂಗುಹಾಕೋದು ಶುದ್ಧ ಪೀಡೆ. ಅದನ್ನು ಬೈಯಿರಿ, ನಾನೂ ಬಂದು ಸೇರ್ತೀನಿ. ಆದರೆ ಆ ಪೀಡೆಯನ್ನೂ ಸಿಸ್ಟರ್ ಕೈಯಲ್ಲಿದ್ದ ಪಟ್ಟಿಯನ್ನೂ ಒಂದೇ ಕಟ್ಟಿಗೆ ಕಟ್ಟಿ ಕಸದ ಬುಟ್ಟಿಗೆ ಹಾಕಬೇಡಿ.

ಒಪ್ಪಿಗೆ ಪತ್ರದ ಕಥೆಯೂ ಇದೇ. ಕೋರ್ಟಿನ ಭಯಕ್ಕೆ ಬರೆಸಿಕೊಳ್ತೀವಿ ಅಂತಾರೆ. ಅದೇ ಕೋರ್ಟು, ನಮ್ಮ ಸುಪ್ರೀಂ ಕೋರ್ಟು, 2008ರಲ್ಲಿ ಹೇಳಿದ್ದೇನು? ಹೊಟ್ಟೆಯೊಳಗೆ ನೋಡಿ ಪರೀಕ್ಷಿಸಲು ಒಪ್ಪಿ ಮಲಗಿದ ಹೆಂಗಸಿನ ಗರ್ಭಕೋಶವನ್ನು, ಹೊರಗೆ ಕೂತಿದ್ದ ತಾಯಿಯ ಸಹಿ ತಗೊಂಡು, ತೆಗೆದುಬಿಟ್ಟಿದ್ದರು. ಜೀವಕ್ಕೇನೂ ತುರ್ತಿರಲಿಲ್ಲ, ಆಕೆ ಎಚ್ಚರಾಗುವವರೆಗೆ ಕಾಯಬಹುದಿತ್ತು, ಆ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಅಂದಿತು ಕೋರ್ಟು. ಅಂದ ಹಾಗೆ ನನ್ನ ಅವ್ವ ಹೆಬ್ಬೆಟ್ಟು ಒತ್ತಿದ್ದು ಮೂರು ಪುಟದ ಇಂಗ್ಲಿಷಿಗೆ. ಯಾರೂ ಓದಿ ಹೇಳಲಿಲ್ಲ. ನಾನೂ ಓದಲಿಲ್ಲ, ನಾಚಿಕೆಯಾಗ್ತದೆ.

ಬರುವ ತಿಂಗಳು ನನ್ನದೇ ಹರ್ನಿಯಾ ಆಪರೇಷನ್. ಎಡಗಡೆ. ಮಾಡುವವರು ಪಂಕ್ತಿಯಲ್ಲಿ ಕೂತಿದ್ದ ಅದೇ ಡಾಕ್ಟರು. ಕೈ ಒಳ್ಳೇದು, ಅದರಲ್ಲಿ ಎರಡು ಮಾತಿಲ್ಲ. ಥಿಯೇಟರಿನಲ್ಲಿ ಅವರು ತಮ್ಮ ಹೆಸರು ಹೇಳುವವರೆಗೆ ನಾನು ಮಲಗುವುದಿಲ್ಲ ಅಂತ ಫೋನ್ ಮಾಡಿ ಹೇಳಿದ್ದೀನಿ. ನಕ್ಕರು.