ತಿಜೋರಿಯ ಗಡಿಯಾರಗಳು

2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಒಂದು ಹಳೆಯ ಕೈಗಡಿಯಾರ ಹರಾಜಾಯಿತು. ಸಿನಿಮಾ ನಟ ಪಾಲ್ ನ್ಯೂಮನ್ ಕಟ್ಟಿಕೊಳ್ಳುತ್ತಿದ್ದ ರೋಲೆಕ್ಸ್ ಡೇಟೋನಾ. ಬಂಗಾರದ್ದಲ್ಲ, ಉಕ್ಕಿನದು. ಬೆಲೆ 1 ಕೋಟಿ 77 ಲಕ್ಷ ಡಾಲರ್! ಅಂದಿನ ರೂಪಾಯಿಯಲ್ಲಿ ನೂರು ಕೋಟಿ ಮೀರಿತು.

ಇಂಥದಕ್ಕೆ ಕ್ರೊನೊಗ್ರಾಫ್ ಎನ್ನುತ್ತಾರೆ. ಗುಂಡಿ ಒತ್ತಿದರೆ ಒಂದು ಮುಳ್ಳು ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಶ್ರೀಮಂತರಿಗೆ ಇದು ಕಾರಿನ ಪಂದ್ಯದ ಆಟಿಗೆ. ಗಿರಣಿಯ ಕಾರ್ಮಿಕನಿಗೆ ಈ ಮುಳ್ಳಿನ ಪರಿಚಯವೇ ಬೇರೆ. ಅಮೆರಿಕದ ಫ್ರೆಡರಿಕ್ ಟೇಲರ್ ಎಂಬಾತ ಸ್ಟಾಪ್‌ವಾಚ್ ಹಿಡಿಸಿ, ಕೂಲಿಯವನು ಕೆಲಸಕ್ಕೆ ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತಾನೆಂದು ಅಳೆದ. ಅಂದಿನಿಂದ ನಮ್ಮ ಉಸಿರಿಗೂ ಲೆಕ್ಕ.

ಈ ಸಂಗ್ರಹಕಾರರ ಶಾಸ್ತ್ರ ಕೇಳಿ. ಗಡಿಯಾರದ ಕವಚ ಉಜ್ಜಿರಬಾರದು, ಡಯಲ್ ಬದಲಿಸಿರಬಾರದು. ಕಟ್ಟಿಕೊಳ್ಳದೆ ಇಟ್ಟದ್ದಾದರೆ ಇನ್ನೂ ಶ್ರೇಷ್ಠ. ಕರಿಯ ಡಯಲ್ ಬಿಸಿಲಿಗೆ ಕಂದು ಬಣ್ಣಕ್ಕೆ ತಿರುಗಿದರೆ 'ಟ್ರಾಪಿಕಲ್' ಎಂದು ಹೆಸರಿಟ್ಟು ಹೆಚ್ಚು ಹಣ ಸುರಿಯುತ್ತಾರೆ. ಇಳಕಲ್ಲಿನ ಕಲ್ಲುಗಣಿಗಳಲ್ಲಿ ಬಿಸಿಲಿಗೆ ಕಂದಿದ ಮುಖಗಳು ಎಷ್ಟು ಬೇಕು? ಅವಕ್ಕೆ ಯಾವನು ಸವಾಲು ಕೂಗಿದ?

ಅವರ ಹಣ, ಅವರ ಹವ್ಯಾಸ ಎಂದು ಕೆಲವರು ನಮಗೆ ಬುದ್ಧಿ ಹೇಳುತ್ತಾರೆ. ಅಂಗಡಿಕಾರ ಮಿತ್ರರೇ ಉತ್ತರಿಸಲಿ. ನಿಮ್ಮ ಬಂಡವಾಳ ಸಂತೆಯಿಂದ ಸಂತೆಗೆ ತಿರುಗುತ್ತದೆ, ನಾಲ್ಕು ಮನೆಯ ಒಲೆ ಉರಿಸುತ್ತದೆ. ತಿಜೋರಿಯ ಗಡಿಯಾರ ಯಾರ ಒಲೆ ಉರಿಸಿತು? ಅದನ್ನು ಮಾಡಿದ ಕುಶಲಕರ್ಮಿಗಳನ್ನು ನಾವು ಹಳಿಯುವುದಿಲ್ಲ. ಅವರ ಕೈ ನಮ್ಮ ನೇಕಾರರ ಕೈಯಂಥದೇ. ಹರಾಜಿನ ಹಣದಲ್ಲಿ ಆ ಕೈಗೆ ಕಾಸೂ ಇಲ್ಲ.

ನ್ಯೂಯಾರ್ಕಿನ ಮಾತು ನಮಗೇಕೆ ಎನ್ನಬೇಡಿ. 2016ರ ಬೆಂಗಳೂರನ್ನು ನೆನೆಯಿರಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ ಅಲ್ಲಿ ಎದ್ದ ಎಚ್‌ಎಂಟಿ ಗಡಿಯಾರದ ಉದ್ಯಮವನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು ಆ ಜನವರಿಯಲ್ಲಿ. ಎರಡು ತಿಂಗಳೊಳಗೆ ವಿಧಾನಸಭೆಯಲ್ಲಿ ಗದ್ದಲ. ಕಾರ್ಖಾನೆಗಾಗಿ ಅಲ್ಲ, ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಯ ಹ್ಯೂಬ್ಲೋ ಗಡಿಯಾರಕ್ಕಾಗಿ! ಅದು ಬಳಸಿದ ಮಾಲು, ಗೆಳೆಯರ ಕಾಣಿಕೆ ಎಂದರು ಅವರು. 70 ಲಕ್ಷದ್ದೆಂದರು ವಿರೋಧಿಗಳು, ಅಷ್ಟಿಲ್ಲವೆಂದರು ಅವರು. ಸಮಾಜವಾದದ ಗರಡಿಯಲ್ಲಿ ಬೆಳೆದವರಿಗೆ ಬೆಲೆಯ ಚೌಕಾಶಿ ಮಾಡುವ ಪ್ರಸಂಗವೇ ಬರಬಾರದಿತ್ತು. ಕೊನೆಗೆ ಅದನ್ನು ಸರಕಾರದ ಆಸ್ತಿಯಾಗಲೆಂದು ಸಭಾಧ್ಯಕ್ಷ ಕಾಗೋಡು ತಿಮ್ಮಪ್ಪನವರಿಗೆ ಒಪ್ಪಿಸಿದರು. ಅದು ಸರಿ. ಆದರೆ ಒಪ್ಪಿಸಿದ್ದು ಯಾವ ಊರಿನವರ ಕೈಗೆ? 1951ರಲ್ಲಿ ಒಡೆಯರು ಗೇಣಿ ಅಳೆಯುವ ಕೊಳಗ ದೊಡ್ಡದೆಂದು ರೈತರು ಎದ್ದು ನಿಂತ ಕಾಗೋಡಿನವರ ಕೈಗೆ.

ಎಚ್‌ಎಂಟಿ 'ಜನತಾ' ಎಂಬ ಗಡಿಯಾರ ಮಾಡುತ್ತಿತ್ತು. ದಿನಾ ಕೀಲಿ ಕೊಡಬೇಕು. ಮಾಸ್ತರರೂ ಗುಮಾಸ್ತರೂ ಗಿರಣಿಯವರೂ ಕಟ್ಟಿದರು. ಈಗ ಸಂಗ್ರಹಕಾರರು ಅದನ್ನೂ ಹುಡುಕಿಕೊಂಡು ಬರುತ್ತಿದ್ದಾರೆ. ಜೋಡಿಸಿದ ಕಾರ್ಮಿಕರನ್ನು ಹುಡುಕಿಕೊಂಡು ಯಾರೂ ಬರಲಿಲ್ಲ.