ದೊಡ್ಡಮ್ಮನ ‘ಎದೆ ಕಾಯಿಲೆ’

ನಮ್ಮ ದೊಡ್ಡಮ್ಮ, ಎಂದರೆ ಅಮ್ಮನ ಅಕ್ಕ, ಹೋದದ್ದು ಎದೆ ಕಾಯಿಲೆಯಿಂದ. ಮನೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ನಾನು ಮೂವತ್ತು ವರ್ಷ ಅದನ್ನು ಹೃದಯಾಘಾತ ಎಂದೇ ತಿಳಿದಿದ್ದೆ. ಕಳೆದ ತಿಂಗಳು ಮ್ಯಾಮೊಗ್ರಾಮ್‌ಗೆ ಹೋದಾಗ ಕೈಗಿತ್ತ ಫಾರಮ್ಮಿನಲ್ಲಿ, ತಾಯಿಯ ಕಡೆ ಅಥವಾ ತಂದೆಯ ಕಡೆ ಯಾರಿಗಾದರೂ ಸ್ತನ ಕ್ಯಾನ್ಸರ್ ಬಂದಿತ್ತೇ ಎಂಬ ಪ್ರಶ್ನೆಯಿತ್ತು. ಯೋಚಿಸಲೂ ಇಲ್ಲ, ‘ಇಲ್ಲ’ ಎಂದು ಗುರುತು ಹಾಕಿ ಬಂದೆ.

ವಾರ ಕಳೆದ ಮೇಲೆ ಪತ್ರ ಬಂತು. ಸಂಶಯಪಡುವಂಥದ್ದೇನೂ ಕಂಡಿಲ್ಲ, ಆದರೆ ನಿಮ್ಮ ಸ್ತನದ ಅಂಗಾಂಶ ದಟ್ಟವಾಗಿದೆ ಎಂದಿತ್ತು. ಓದಿದವಳಿಗೆ ಮೊದಲು ಹೊಳೆದದ್ದು, ‘ನಾನೇನು ತಪ್ಪು ಮಾಡಿದೆ?’

ನಾನಿರುವ ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್ ಒಂದು ಕಾಲಕ್ಕೆ ಹಣ್ಣಿನ ತೋಟಗಳ ಊರು. ಆ ತೋಟಗಳ ನೆನಪಿಗೆ ಈಗ ಪ್ರೂನ್‌ಯಾರ್ಡ್ ಎಂಬ ಮಳಿಗೆ ಸಂಕೀರ್ಣದ ಹೆಸರು ಉಳಿದಿದೆ. ನನ್ನ ನೆರೆಮನೆಯಾಕೆಯ ತಾಯಿ ಮೆಕ್ಸಿಕೋದಿಂದ ಬಂದು ಈ ಕಣಿವೆಯ ಹಣ್ಣಿನ ಕಾರ್ಖಾನೆಗಳಲ್ಲಿ ದುಡಿದವರು. ಲಾಸ್ ಗ್ಯಾಟೋಸ್ ಹೊಳೆದಂಡೆಯಲ್ಲಿ ಸಂಜೆ ನಡೆಯುತ್ತಾ ಪತ್ರದ ವಿಷಯ ತೆಗೆದರೆ, ಆಕೆಗೂ ಅಂಥದ್ದೇ ಪತ್ರ ಬಂದಿತ್ತಂತೆ. ಆಕೆ ಕಾಫಿ ಬಿಟ್ಟಿದ್ದಳು. ನಾನು ತುಪ್ಪ ಬಿಡುವ ಯೋಚನೆಯಲ್ಲಿದ್ದೆ.

ಇಬ್ಬರೂ ದಾರಿ ತಪ್ಪಿದ್ದೆವು. ದಟ್ಟ ಎಂದರೆ ಗಟ್ಟಿ ಎಂದಲ್ಲ, ಕೈಯಿಂದ ಮುಟ್ಟಿ ತಿಳಿಯುವ ಗುಣವೂ ಅಲ್ಲ. ಹಾಲಿನ ಗ್ರಂಥಿ ಮತ್ತು ನಾರಿನ ಅಂಶ ಹೆಚ್ಚಿದ್ದು ಕೊಬ್ಬು ಕಡಿಮೆಯಿದ್ದರೆ ಅದು ದಟ್ಟ. ಎಕ್ಸ್‌ರೇಯಲ್ಲಿ ಕೊಬ್ಬು ಕಪ್ಪಗೆ ಕಾಣುತ್ತದೆ. ಗ್ರಂಥಿ ಬಿಳಿ, ಗೆಡ್ಡೆಯೂ ಬಿಳಿ. ಮೊರದಲ್ಲಿ ಧಾನ್ಯ ಆರಿಸಿದವರಿಗೆ ಇದು ಬೇಗ ಅರ್ಥವಾದೀತು. ರಾಗಿಯಲ್ಲಿ ಬಿದ್ದ ಬೆಣಚುಕಲ್ಲು ಥಟ್ಟನೆ ಕಣ್ಣಿಗೆ ಬೀಳುತ್ತದೆ, ಅಕ್ಕಿಯಲ್ಲಿ ಬಿದ್ದದ್ದು ಹಲ್ಲಿಗೆ ಸಿಕ್ಕಾಗಲೇ ಗೊತ್ತಾಗುವುದು. ಅಮೆರಿಕದಲ್ಲಿ ನಲವತ್ತು ದಾಟಿದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯದು ಈ ಅಕ್ಕಿಯ ಮೊರ. ಕಲ್ಲು ಮರೆಯಾಗುವುದಷ್ಟೇ ತೊಂದರೆಯಲ್ಲ. ತೀರಾ ಕಡಿಮೆ ಸಾಂದ್ರತೆಯವರ ಪಕ್ಕದಲ್ಲಿಟ್ಟು ನೋಡಿದರೆ, ಅತಿ ದಟ್ಟ ಇರುವವರಿಗೆ ಕ್ಯಾನ್ಸರ್ ಬರುವ ಸಂಭವವೇ ನಾಲ್ಕರಿಂದ ಆರು ಪಟ್ಟು ಹೆಚ್ಚು.

ಈ ಪತ್ರವೂ ಪುಕ್ಕಟೆಯಾಗಿ ಬಂದದ್ದಲ್ಲ. ಸಾಂತಾಕ್ರೂಜ್ ಕಡೆಯ ನರ್ಸ್ ಒಬ್ಬರು ವರ್ಷವರ್ಷವೂ ಮ್ಯಾಮೊಗ್ರಾಮ್ ಮಾಡಿಸಿಕೊಂಡರೂ ಅವರ ಕ್ಯಾನ್ಸರ್ ಅದರಲ್ಲಿ ಕಂಡಿರಲಿಲ್ಲ. ಪಾಲೊ ಆಲ್ಟೊದ ಆಗಿನ ರಾಜ್ಯ ಸೆನೆಟರ್ ಜೋ ಸಿಮಿಟಿಯನ್ ಅವರು ‘ಯಾವ ಕಾನೂನು ಬೇಕು, ನೀವೇ ಹೇಳಿ’ ಎಂದು ಜನರಿಗೆ ಸ್ಪರ್ಧೆ ಇಟ್ಟಾಗ ಆಕೆ ಸಾಂದ್ರತೆಯನ್ನು ಹೆಂಗಸರಿಗೆ ತಿಳಿಸುವ ಕಾನೂನನ್ನೇ ಕೇಳಿದರು. 2011ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಮಸೂದೆಯನ್ನು ತಿರಸ್ಕರಿಸಿದರು, ಮರುವರ್ಷ ಸಹಿ ಹಾಕಿದರು. 2013ರ ಏಪ್ರಿಲ್‌ನಿಂದ ಕ್ಯಾಲಿಫೋರ್ನಿಯಾದಲ್ಲಿ, 2024ರ ಸೆಪ್ಟೆಂಬರ್‌ನಿಂದ ಇಡೀ ಅಮೆರಿಕದಲ್ಲಿ, ಸಾಂದ್ರತೆಯನ್ನು ತಿಳಿಸುವುದು ಕಡ್ಡಾಯವಾಯಿತು.

ಹಾಗಾದರೆ ಸಾಂದ್ರತೆ ಬರುವುದೆಲ್ಲಿಂದ? 2002ರಲ್ಲಿ ಆಸ್ಟ್ರೇಲಿಯಾ ಮತ್ತು ಉತ್ತರ ಅಮೆರಿಕದ 951 ಅವಳಿ ಸೋದರಿಯರ ಜೋಡಿಗಳನ್ನು ನೋಡಿದ ಅಧ್ಯಯನ, ವಯಸ್ಸನ್ನು ಲೆಕ್ಕಕ್ಕೆ ಹಿಡಿದ ಮೇಲೆ ಹೆಂಗಸರ ನಡುವಣ ವ್ಯತ್ಯಾಸದಲ್ಲಿ ಸುಮಾರು ಶೇಕಡಾ 63 ಪಾಲು ವಂಶದ್ದು ಎಂದಿತು. ಮಿಕ್ಕಿದ್ದರಲ್ಲಿ ಬದುಕಿನ ಪಾಲಿದೆ. ಹೆರಿಗೆಯಾದರೆ ಇಳಿಯುತ್ತದೆ, ಮುಟ್ಟು ನಿಂತ ಮೇಲೆ ಇಳಿಯುತ್ತದೆ. ಈಸ್ಟ್ರೋಜನ್, ಪ್ರೊಜೆಸ್ಟಿನ್ ಎರಡೂ ಇರುವ ಹಾರ್ಮೋನ್ ಮಾತ್ರೆ ತೆಗೆದುಕೊಂಡರೆ ಏರುತ್ತದೆ. ದಪ್ಪಗಾದರೂ ಸಾಂದ್ರತೆಯ ಪ್ರಮಾಣ ಇಳಿಯುತ್ತದೆ. ಹಾಗೆಂದು ತುಪ್ಪದ ಡಬ್ಬಿಗೆ ಕೈಹಾಕಬೇಡಿ, ಮುಟ್ಟು ನಿಂತವರಲ್ಲಿ ಬೊಜ್ಜು ತಾನೇ ಕ್ಯಾನ್ಸರ್‌ನ ಅಪಾಯ ಹೆಚ್ಚಿಸುತ್ತದೆ.

ನನ್ನ ನೆರೆಯವಳ ಜನರ ಕಥೆ ಇನ್ನೂ ಸೊಗಸು. ಅಮೆರಿಕದ ಲ್ಯಾಟಿನಾ, ಎಂದರೆ ಲ್ಯಾಟಿನ್ ಅಮೆರಿಕ ಮೂಲದ, ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬಿಳಿಯರಿಗಿಂತ ಕಡಿಮೆ. ಏಕೆಂದು ಹುಡುಕಿದ ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾರಾ ಫೆಹರ್ಮನ್, ಎಲಾದ್ ಝೀವ್ ಮತ್ತು ಸಂಗಡಿಗರು 2014ರಲ್ಲಿ ಆರನೆಯ ವರ್ಣತಂತುವಿನಲ್ಲಿ, ಈಸ್ಟ್ರೋಜನ್ ಗ್ರಾಹಕದ ಜೀನ್ ಪಕ್ಕದಲ್ಲೇ, ಒಂದು ಪುಟ್ಟ ಬದಲಾವಣೆಯನ್ನು ಕಂಡರು. ಯುರೋಪಿನವರು ಕಾಲಿಡುವ ಮೊದಲೇ ಇಲ್ಲಿದ್ದ ಮೂಲನಿವಾಸಿಗಳಿಂದ ಹರಿದು ಬಂದದ್ದು ಅದು. ಅದರ ಒಂದು ಪ್ರತಿ ಇದ್ದವರಿಗೆ ಅಪಾಯ ಸುಮಾರು ಶೇಕಡಾ 40 ಪಾಲು ಕಡಿಮೆ, ಎರಡೂ ಇದ್ದವರಿಗೆ ಇನ್ನೂ ಕಡಿಮೆ. ಅದಿದ್ದವರಲ್ಲಿ ಸ್ತನ ಸಾಂದ್ರತೆಯೂ ಕಡಿಮೆಯೇ. ಆ ಅಧ್ಯಯನಕ್ಕೆ ರಕ್ತ ಕೊಟ್ಟವರಲ್ಲಿ ನಾವಿರುವ ಇದೇ ಬೇ ಏರಿಯಾದ ಹೆಂಗಸರೂ ಇದ್ದರು. ಲೆಕ್ಕಕ್ಕೆ ಸಿಕ್ಕಿದ್ದರಿಂದಲೇ ಅವರ ಅಜ್ಜಿಯರು ಬಿಟ್ಟುಹೋದ ಆಸ್ತಿ ಪತ್ತೆಯಾಯಿತು.

‘ನಮ್ಮಜ್ಜಿಯೂ ಪೆಚೊದಿಂದ ಸತ್ತಳಂತೆ’ ಎಂದಳು ನೆರೆಯವಳು. ಸ್ಪ್ಯಾನಿಷ್‌ನಲ್ಲಿ ಪೆಚೊ ಎಂದರೆ ಎದೆಯೂ ಹೌದು, ಸ್ತನವೂ ಹೌದು. ನನಗೆ ಗಕ್ಕನೆ ದೊಡ್ಡಮ್ಮ ನೆನಪಾದಳು.

ರಾತ್ರಿ ಊರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ‘ಗಂಟಾಗಿತ್ತು ಕಣೇ. ಸೆರಗು ಹೊದ್ದುಕೊಂಡೇ ಇದ್ದಳು. ಹುಣ್ಣಾಗಿ ವಾಸನೆ ಬಂದ ಮೇಲೆ ನಮಗೆ ಗೊತ್ತಾದದ್ದು. ನಲವತ್ತಾರೂ ತುಂಬಿರಲಿಲ್ಲ’ ಎಂದಳು.

ಚಿಕ್ಕಮ್ಮ, ಸೋದರತ್ತೆ, ಓರಗಿತ್ತಿ, ನಾದಿನಿ ಎಂದು ಒಂದೊಂದು ನಂಟಿಗೂ ಹೆಸರಿಟ್ಟ ಭಾಷೆ ನಮ್ಮದು. ಅವರನ್ನು ಕೊಂಡೊಯ್ದ ಕಾಯಿಲೆಯ ಹೆಸರು ಹೇಳುವಾಗ ಮಾತ್ರ ನಾಲಿಗೆ ಹೊರಳುವುದಿಲ್ಲ. ಹೊರಳದ ನಾಲಿಗೆಗೆ ತೆರಬೇಕಾದ ದಂಡ ದೊಡ್ಡದು. ಮುಂಬಯಿಯಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ 1998ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ ಮ್ಯಾಮೊಗ್ರಾಮ್ ಯಂತ್ರವೇ ಇರಲಿಲ್ಲ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು, ಅಷ್ಟೇ. ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇಕಡಾ 30 ಪಾಲು ತಗ್ಗಿತು ಎಂದು 2021ರಲ್ಲಿ ವರದಿಯಾಯಿತು. ಸೆರಗು ಸರಿಸಿ ತೋರಿಸಿದರೆ ಉಳಿಯುವ ಜೀವಗಳಿವೆ.

ಆದ್ದರಿಂದ ಈ ಪತ್ರ ಕೈಗೆ ಬಂದ ಕನ್ನಡದ ಅಕ್ಕತಂಗಿಯರಿಗೆ ನನ್ನದೊಂದು ಮಾತು. ಅಡುಗೆಮನೆಯಲ್ಲಿ ತಪ್ಪು ಹುಡುಕಬೇಡಿ. ಸಾಂದ್ರತೆಯ ನಾಲ್ಕು ದರ್ಜೆಗಳಲ್ಲಿ ನಿಮ್ಮದು ಯಾವುದೆಂದು ವೈದ್ಯರನ್ನು ಕೇಳಿ. ಅತಿ ದಟ್ಟವಾಗಿದ್ದರೆ ಎಂಆರ್‌ಐ ಬೇಕೇ ಎಂದೂ ಕೇಳಿ. ಅಂಥವರಿಗೆ ಎಂಆರ್‌ಐ ಸೇರಿಸಿದಾಗ, ಎರಡು ತಪಾಸಣೆಗಳ ನಡುವೆ ತಲೆಯೆತ್ತುವ ಕ್ಯಾನ್ಸರ್ ಸಾವಿರಕ್ಕೆ 5ರಿಂದ 2.5ಕ್ಕೆ ಇಳಿದದ್ದನ್ನು ನೆದರ್ಲೆಂಡ್ಸ್‌ನ ಪ್ರಯೋಗವೊಂದು 2019ರಲ್ಲಿ ತೋರಿಸಿದೆ. ಆದರೆ ವೈದ್ಯರ ಬಳಿಗೆ ಹೋಗುವ ಮೊದಲು ಊರಿಗೊಂದು ಫೋನ್ ಮಾಡಿ. ಅಪ್ಪನ ಕಡೆಯವರನ್ನೂ ಬಿಡಬೇಡಿ.

ಮರುದಿನ ಮ್ಯಾಮೊಗ್ರಾಮ್ ಕೇಂದ್ರಕ್ಕೆ ಕರೆ ಮಾಡಿ ನನ್ನ ‘ಇಲ್ಲ’ವನ್ನು ‘ಹೌದು’ ಎಂದು ತಿದ್ದಿಸಿದೆ. ಯಾರಿಗೆ ಎಂದು ಕೇಳಿದರು. ಆಂಟ್ ಎಂದೆ. ಯಾವ ಕಡೆಯ ಆಂಟ್ ಎಂದರು. ಅಮ್ಮನ ಅಕ್ಕ ಎಂದೆ. ಯಾವ ವಯಸ್ಸಿಗೆ ಎಂದರು. ಮೂವತ್ತು ವರ್ಷದ ಮೇಲೆ ದೊಡ್ಡಮ್ಮನ ವಿಷಯ ಯಾರೋ ಸರಿಯಾಗಿ ವಿಚಾರಿಸಿದ್ದರು.